ಸಾಯಬಣ್ಣನ ಹತ್ತನೆಯ ಇಯತ್ತೆ

ಆ ವರ್ಷ ಜುಲೈ ತಿಂಗಳ ಒಂದು ಬೆಳಿಗ್ಗೆ ಹತ್ತನೆಯ ಇಯತ್ತೆಯ ಗಣಿತದ ಉತ್ತರಪತ್ರಿಕೆಗಳ ಕಟ್ಟನ್ನು ಶೇರ್ ರಿಕ್ಷಾದಲ್ಲಿಯೇ ಬಿಟ್ಟು ನಾನು ಶಾಲೆಯ ಗೇಟಿನ ಮುಂದೆ ಇಳಿದುಬಿಟ್ಟೆ. ನೆನಪಾಗುವ ಹೊತ್ತಿಗೆ ರಿಕ್ಷಾ ತಿರುವು ದಾಟಿ ಹೋಗಿತ್ತು. "ಅಯ್ಯೋ, ಪೇಪರು!" ಎಂದು ಕೂಗಿದ್ದಷ್ಟೇ ನನ್ನ ಕೆಲಸ. ಗೇಟಿನ ಹತ್ತಿರ ನಿಂತಿದ್ದ ಅದೇ ಇಯತ್ತೆಯ ಶೀತಲ್ ತನ್ನ ಪುಸ್ತಕದ ದಪ್ತರವನ್ನು ನನ್ನ ಕಾಲ ಬಳಿ ಒಗೆದು ಓಡಿಯೇ ಹೋದಳು. ಹದಿನೈದು ನಿಮಿಷ ಕಳೆದ ಮೇಲೆ ಕಟ್ಟನ್ನು ಎದೆಗೆ ಅವಚಿಕೊಂಡು ಬಂದಳು. ರಿಕ್ಷಾ ಕುರ್ಲಾ ಸ್ಟೇಶನ್ನಿನ ಹತ್ತಿರ ಸಿಗ್ನಲ್ಲಿಗೆ ನಿಂತಾಗ ಸಿಕ್ಕಿತಂತೆ. ಅಲ್ಲಿಗೆ ನಮ್ಮ ಶಾಲೆಯಿಂದ ಒಂದೂವರೆ ಕಿಲೋಮೀಟರ್ ಆಗುತ್ತದೆ.

"ನಡುವ ಎಲ್ಲೂ ನಿಲ್ಲಲಿಲ್ಲೇನವಾ?" ಎಂದು ಕೇಳಿದೆ.

"ರುಕ್ತೀ ತೋ ನಿಕಲ್ ಜಾತಾ ನಾ ಟೀಚರ್. ನಿಂತಿದ್ರ ಹೋಗೇಬಿಡ್ತಿತ್ತು," ಎಂದಳು. ಅಷ್ಟು ಓಡಿ ಬಂದವಳ ಉಸಿರು ಆಗಲೇ ಹದಕ್ಕೆ ಬಂದಿತ್ತು. ನಾನು ಮೂರು ಮಹಡಿ ಹತ್ತಿದರೆ ಇದಕ್ಕಿಂತ ಹೆಚ್ಚು ಏದುಸಿರು ಬಿಡುತ್ತೇನೆ.

ನಮ್ಮದು ಮುನಿಸಿಪಾಲ್ಟಿಯ ಶಾಲೆ. ಒಂದೇ ಕಟ್ಟಡದಲ್ಲಿ ಕೆಳಗೆ ಮರಾಠಿ, ಅದರ ಮೇಲೆ ಹಿಂದಿ ಮತ್ತು ಉರ್ದು, ಎಲ್ಲಕ್ಕೂ ಮೇಲೆ ಮೂರನೆಯ ಮಹಡಿಯಲ್ಲಿ ಕನ್ನಡ ಮಾಧ್ಯಮ. ನಾನು ಧಾರವಾಡದಿಂದ ಬಂದು ಇಪ್ಪತ್ತೊಂದು ವರ್ಷದಿಂದ ಇಲ್ಲಿ ಗಣಿತ ಕಲಿಸುತ್ತಿದ್ದೇನೆ. ನಾನು ಬಂದಾಗ ಹತ್ತನೆಯ ಇಯತ್ತೆಯಲ್ಲಿ ಐವತ್ತಾರು ಮಕ್ಕಳಿದ್ದರು. ಆ ವರ್ಷ ಇದ್ದವರು ಹನ್ನೊಂದು ಮಂದಿ. ಪಿ.ಟಿ. ಮಾಸ್ತರರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಆಟದ ಬಯಲೆಂದರೆ ಸಿಮೆಂಟಿನ ಬ್ಲಾಕು ಹಾಸಿದ ಒಂದು ಅಂಗಳ, ಅದರಲ್ಲಿ ನಾಲ್ಕು ಮಾಧ್ಯಮದ ಮಕ್ಕಳಿಗೂ ಪಾಲು.

ಅಂದು ಸಂಜೆ ಹೆಡ್‌ಮಾಸ್ತರ ಕಾಂತಪ್ಪನವರ ಮುಂದೆ ಹೋಗಿ, ಶೀತಲ್‌ಳ ಹೆಸರನ್ನು ಜಿಲ್ಲಾ ಮಟ್ಟದ ಸಾವಿರದ ಐನೂರು ಮೀಟರ್ ಓಟಕ್ಕೆ ಕೊಡೋಣ ಎಂದೆ.

"ಕಲಿಸೋರು ಯಾರು?" ಎಂದರು.

"ನಾನs," ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ.

ಶೀತಲ್‌ಳ ಅಪ್ಪ ಮರೆಪ್ಪ ಯಾದಗಿರಿ ಕಡೆಯವನು, ಕಟ್ಟಡಗಳ ಸ್ಲ್ಯಾಬಿನ ಕೆಲಸಕ್ಕೆ ಹೋಗುತ್ತಾನೆ. ತಾಯಿ ಇಂದ್ರಾಬಾಯಿ ಸಾಯನ್ನಿನ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ನಾನು ಕೇಳಲು ಹೋದಾಗ ಇಂದ್ರಾಬಾಯಿ ಒಂದೇ ಮಾತು ಹೇಳಿದಳು: "ಅಕ್ಕೋರೇ, ಓಡ್ಲಿ ಬಿಡ್ರಿ. ಆದ್ರ ಸಾಲಿ ಬಿಡಬಾರ್ದು. ನೀವು ಜತಿಗೆ ಇರ್ತೀನಿ ಅಂದ್ರ ನಂಗ ಚಿಂತಿಲ್ಲ."

ಅಲ್ಲಿಗೆ ಅಪ್ಪಣೆ ಸಿಕ್ಕಿತು. ಸಿಗದೆ ಉಳಿದದ್ದು ಬಯಲು. ಕುರ್ಲಾದಲ್ಲಿ ಹುಡುಕಿದೆವು. ಒಂದು ಕಡೆ ಲಾರಿಗಳು ನಿಂತಿದ್ದವು, ಇನ್ನೊಂದು ಕಡೆ ಮದುವೆಯ ಮಂಟಪ. ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದೆ. ಅಲ್ಲಿ ಒಂದು ಕ್ಲಬ್ಬಿನ ಗ್ರೌಂಡ್ ಇರುವುದು ನನಗೆ ಗೊತ್ತಿತ್ತು. ತರಕಾರಿಗೆ ಬಂದಾಗಲೆಲ್ಲ ಅದರ ಹಸಿರು ಕಣ್ಣಿಗೆ ಬೀಳುತ್ತಿತ್ತು. ಗೇಟಿನ ವಾಚ್‌ಮನ್ ಕಾರ್ಡು ಕೇಳಿದ. ನಮ್ಮ ಹತ್ತಿರ ಎಲ್ಲಿಯ ಕಾರ್ಡು? "ನಡಿಯವಾ, ಬ್ಯಾರೆ ಕಡೆ ನೋಡೋಣು," ಎಂದು ನಾನು ಶೀತಲ್‌ಗೆ ಹೇಳುತ್ತಿದ್ದಾಗ ಒಳಗಡೆ ಪಿಚ್ಚಿಗೆ ಪೈಪಿನಿಂದ ನೀರು ಬಿಡುತ್ತಿದ್ದ ಮನುಷ್ಯ ತಲೆ ಎತ್ತಿದ.

"ಯಾವ ಸಾಲಿರಿ ನಿಮ್ದು?" ಎಂದು ಅಲ್ಲಿಂದಲೇ ಕೂಗಿದ.

"ಕುರ್ಲಾದ ಮುನಿಸಿಪಾಲ್ಟಿ ಕನ್ನಡ ಸಾಲಿ!"

ಅವನು ಪೈಪನ್ನು ಹಾಗೆಯೇ ಕೆಳಗೆ ಹಾಕಿ ಗೇಟಿಗೆ ಬಂದ. ಐವತ್ತು ದಾಟಿದ ವಯಸ್ಸು, ತೆಳ್ಳನೆಯ ಮೈ, ಮೊಣಕಾಲಿನವರೆಗೆ ಮಡಚಿದ ಖಾಕಿ ಪ್ಯಾಂಟು. "ಮೂರನೇ ಮಾಳಿಗಿ ಏನ್ರಿ? ಕಿಡಕಿಯಿಂದ ರೈಲು ಕಾಣತದ?" ಎಂದು ಕೇಳಿದ. ಹೌದೆಂದೆ. ವಾಚ್‌ಮನ್ನಿಗೆ ಹಿಂದಿಯಲ್ಲಿ ಏನೋ ಹೇಳಿ ತಾನೇ ಗೇಟು ತೆಗೆದ. ಅವನೇ ಸಾಯಬಣ್ಣ. ಇಪ್ಪತ್ತಾರು ವರ್ಷದಿಂದ ಆ ಗ್ರೌಂಡನ್ನು ನೋಡಿಕೊಳ್ಳುತ್ತಿದ್ದ. ರೋಲರ್ ಎಳೆಯುವುದು, ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು ಎಲ್ಲ ಅವನದೇ.

"ಎಷ್ಟು ಓಡಬೇಕು ಹುಡುಗಿ?"

"ಸಾವಿರದ ಐನೂರು."

"ಇಲ್ಲಿ ಒಂದ್ ಸುತ್ತು ಮುನ್ನೂರಕ್ಕ ಎಂಟು ಮೀಟರ್ ಕಮ್ಮಿ ಬರ್ತದ್ರಿ. ಐದು ಸುತ್ತು ಹಾಕಿ, ಮತ್ತ ಆ ಸ್ಟಂಪಿನ ಪೆಟ್ಟಿಗಿ ತನಕ ನಲವತ್ತು ಮೀಟರ್ ಓಡಿದ್ರ ಬರೋಬ್ಬರಿ ಆತು."

ನಾನು ಮನಸ್ಸಿನಲ್ಲಿಯೇ ಗುಣಿಸಿ ನೋಡಿದೆ. ಸರಿಯಾಗಿತ್ತು. "ಗಣಿತ ಛಲೋ ಅದಲ್ಲ ನಿಮ್ದು," ಎಂದೆ.

ಅವನ ಮುಖ ಸಣ್ಣದಾಯಿತು. "ಗಣಿತದಾಗನs ನಾಪಾಸಾದಾಂವ ರೀ ನಾ. ಒಂಬತ್ತನೆತ್ತೆದಾಗ. ಆ ವರ್ಷನ ಅಪ್ಪ ತೀರ್ಕೊಂಡ, ಮತ್ತ ಸಾಲಿ ಕಡಿ ಹೋಗಲಿಲ್ಲ."

ಸಾಯಬಣ್ಣ ನಮ್ಮ ಶಾಲೆಯವನೇ ಎಂಬುದು ನನಗೆ ಗೊತ್ತಾದದ್ದು ಹೀಗೆ. ನಲವತ್ತು ವರ್ಷದ ಹಿಂದೆ ಅವನೂ ಸಾವಿರದ ಐನೂರು ಮೀಟರ್ ಓಡುತ್ತಿದ್ದ, ಶಾಲೆಗೆ ಒಂದು ಕಪ್ಪು ತಂದುಕೊಟ್ಟಿದ್ದ. ಪ್ರತಿ ವರ್ಷ ಜನವರಿಯಲ್ಲಿ ನಡೆಯುವ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಯಾಕೆ ಬರುವುದಿಲ್ಲ ಎಂದು ಕೇಳಿದೆ. "ಪಾಸಾದೋರು ಬರ್ತಾರ್ರಿ ಅಲ್ಲಿ," ಎಂದ. "ಎರಡ್ ಸಲ ಗೇಟಿನ ತನಕ ಬಂದಿದ್ನಿ. ಒಳಗ ಹೋಗ್ಲಿಕ್ಕೆ ಕಾಲು ಬರಲಿಲ್ಲ."

ಶೀತಲ್ ಅಷ್ಟರಲ್ಲಿ ಓಡಲು ಶುರುಮಾಡಿದ್ದಳು. ಮೊದಲ ಎರಡು ಸುತ್ತು ಬಾಣದಂತೆ ಹೋದಳು, ಮೂರನೆಯದರಲ್ಲಿ ಸೊರಗಿದಳು, ನಾಲ್ಕನೆಯದರಲ್ಲಿ ಪಕ್ಕೆ ಹಿಡಿದುಕೊಂಡು ಕುಳಿತಳು. ರಿಕ್ಷಾದ ಕಥೆಯನ್ನು ನನ್ನಿಂದ ಕೇಳಿದ್ದ ಸಾಯಬಣ್ಣ ಹತ್ತಿರ ಹೋಗಿ ನಿಂತ.

"ರಿಕ್ಷಾ ಬೆನ್ನ ಹತ್ತೀಯೇನು? ಹಂಗ ಓಡಬಾರ್ದವ್ವಾ. ಮೊದಲ್ನೇ ಸುತ್ತಿನಾಗ ಮಾತಾಡ್ಕೊಂತ ಓಡಾಕ ಬರಬೇಕು. ನಾಳಿಂದ ನಾನೂ ಬರ್ತೀನಿ ನಿನ್ನ ಜತಿಗೆ."

ಮರುದಿನದಿಂದ ಬೆಳಿಗ್ಗೆ ಆರಕ್ಕೆ ಅವನು ಅವಳ ಪಕ್ಕದಲ್ಲಿ ಬರಿಗಾಲಲ್ಲಿ ಓಡತೊಡಗಿದ. ಓಡುತ್ತ ಪ್ರಶ್ನೆ ಕೇಳುತ್ತಿದ್ದ. ಮನೆಯಲ್ಲಿ ಏನು ಅಡುಗೆ, ಊರಿಗೆ ಹೋಗಿ ಎಷ್ಟು ದಿನವಾಯಿತು, ತಮ್ಮ ಯಾವ ಇಯತ್ತೆ. ಉತ್ತರ ಹೇಳುವಾಗ ಅವಳಿಗೆ ದಮ್ಮು ಹತ್ತಿದರೆ ವೇಗ ಹೆಚ್ಚಾಯಿತೆಂದು ಅರ್ಥ. ಒಂದು ವಾರದಲ್ಲಿ ಅವನ ಪ್ರಶ್ನೆಗಳು ಮುಗಿದುಹೋದವು. ಆಗ ನಾನು ಬದಿಯಲ್ಲಿ ನಿಂತು, ಹಾದುಹೋಗುವಾಗಲೆಲ್ಲ ಬೀಜಗಣಿತದ ಸೂತ್ರ ಕೇಳತೊಡಗಿದೆ. ಎ ಪ್ಲಸ್ ಬಿ ವರ್ಗ ಎಂದರೆ ಅವಳು ಮುಂದಿನ ತಿರುವಿನಿಂದ ಉತ್ತರ ಕೂಗುತ್ತಿದ್ದಳು. ಹತ್ತಿಪ್ಪತ್ತು ದಿನವಾಗುವಷ್ಟರಲ್ಲಿ ಅವಳ ಜೊತೆ ಇನ್ನೊಂದು ಗಂಡು ದನಿಯೂ ಉತ್ತರ ಹೇಳುತ್ತಿರುವುದು ನನ್ನ ಕಿವಿಗೆ ಬಿತ್ತು.

ಆಗಸ್ಟ್ ಕೊನೆಯಲ್ಲಿ ಒಂದು ದಿನ ಕ್ಲಬ್ಬಿನ ಸೆಕ್ರೆಟರಿ ಸುಕೇಶ್ ಆ ಹೊತ್ತಿಗೇ ಬಂದುಬಿಟ್ಟರು. ಉಡುಪಿ ಕಡೆಯವರು, ಮಾತಿನಲ್ಲಿ ಖಡಕ್ಕು.

"ಇದು ಮೆಂಬರ್‌ಗಳ ಗ್ರೌಂಡ್ ಟೀಚರ್. ನೀವಾದ್ರೂ ಕೇಳಿ ಬರಬೇಕಿತ್ತಲ್ವಾ?" ಎಂದು ನನಗೆ ಹೇಳಿ, ಸಾಯಬಣ್ಣನ ಕಡೆ ತಿರುಗಿದರು. "ಎಂತ ಮಾರಾಯ ಇದು? ನಿನಗೆ ಇವರು ಯಾರು? ನೆಂಟರಾ?"

ಸಾಯಬಣ್ಣ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಕೆಲಸಕ್ಕೇ ಕುತ್ತು ಬಂತಲ್ಲ ಎಂದುಕೊಂಡೆ. ತಪ್ಪೆಲ್ಲ ನನ್ನದು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ.

"ನನ್ನ ಸಾಲಿ ಅದು ಸಾಹೇಬ್ರ. ನಾನು ಆ ಸಾಲಿ ಹುಡುಗ. ಇಕಿನೂ ಅದs ಸಾಲಿ ಹುಡುಗಿ. ಕುರ್ಲಾದಾಗ ಓಡಾಕ ಜಾಗಾ ಇಲ್ರಿ. ನಿಮ್ಮನ್ನ ಕೇಳಲಾರ್ದ ಬಿಟ್ಟಿದ್ದು ನನ್ನ ತಪ್ಪು."

ಸುಕೇಶ್ ನನ್ನ ಕಡೆ ತಿರುಗಿ ಹೇಳಿದರು: "ಇಪ್ಪತ್ತಾರು ವರ್ಷದಲ್ಲಿ ಇವ ನಮ್ಮ ಹತ್ರ ಏನೂ ಕೇಳಿದವನಲ್ಲ. ಒಂದು ದಿನ ರಜೆ ಕೂಡ ಹೆಚ್ಚಿಗೆ ಕೇಳ್ಲಿಲ್ಲ. ನೀವು ಶಾಲೆಯಿಂದ ಒಂದು ಪತ್ರ ತನ್ನಿ, ನಮ್ಮ ಹಳೆ ವಿದ್ಯಾರ್ಥಿ ಸಾಯಬಣ್ಣನ ಕೈಕೆಳಗೆ ಅಭ್ಯಾಸ ಅಂತ ಬರೀಲಿ. ಏಳೂವರೆ ತನಕ ಓಡ್ಲಿ. ಪಿಚ್ ಮೇಲೆ ಮಾತ್ರ ಕಾಲಿಡಬಾರ್ದು, ಆಯ್ತಾ?"

ಮನಸ್ಸು ಹಗುರಾಯಿತು. ಅದೇ ದಿನ ಕಾಂತಪ್ಪನವರ ಹತ್ತಿರ ಹೋದೆ. ಹಳೆಯ ವಿದ್ಯಾರ್ಥಿ ಎಂದು ಬರೆಯಬೇಕಾದರೆ ದಾಖಲೆ ನೋಡಲೇಬೇಕು ಎಂದು ಅವರು ಕಪಾಟಿನಿಂದ ಹಳೆಯ ಜನರಲ್ ರಜಿಸ್ಟರುಗಳನ್ನು ಇಳಿಸಿದರು. ಮೂರನೆಯದರಲ್ಲಿ ಸಿಕ್ಕಿತು: ಸಾಯಬಣ್ಣ ಶಂಕ್ರೆಪ್ಪ, ನಡತೆ ಉತ್ತಮ, ಒಂಬತ್ತನೆಯ ಇಯತ್ತೆ. ಶಾಲೆ ಬಿಟ್ಟ ಪ್ರಮಾಣಪತ್ರ ಒಯ್ದದ್ದಕ್ಕೆ ಸಹಿ ಇರಬೇಕಾದ ಜಾಗ ಖಾಲಿಯಾಗಿತ್ತು.

"ಒಯ್ದೇ ಇಲ್ಲ," ಎಂದರು ಕಾಂತಪ್ಪನವರು. "ಈ ಪ್ರಮಾಣಪತ್ರ ಇದ್ರ ಹದಿನೇಳು ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಹತ್ತನೆತ್ತೆ ಪರೀಕ್ಷಾ ಕೂಡಬಹುದಲ್ಲ ಅನುರಾಧಾಬಾಯಿ."

ಆ ಯೋಚನೆ ನನಗೆ ಬಂದಿರಲಿಲ್ಲ, ಬಂದದ್ದು ಅವರಿಗೆ. ಮರುದಿನ ಪ್ರಮಾಣಪತ್ರವನ್ನು ಸಾಯಬಣ್ಣನ ಕೈಗೆ ಕೊಟ್ಟೆ. ಕೈ ತೊಳೆದುಕೊಂಡು ಬಂದು ತೆಗೆದುಕೊಂಡ. ಫಾರ್ಮಿನ ವಿಷಯ ಹೇಳಿದಾಗ, "ಬ್ಯಾಡ್ರಿ. ಈ ವಯಸ್ಸಿನಾಗ ಜನ ನಕ್ಕಾರು," ಎಂದ.

ಶೀತಲ್ ಬೂಟಿನ ಲೇಸು ಕಟ್ಟುತ್ತ ಕುಳಿತಿದ್ದಳು. "ಅಂಕಲ್, ನಾನು ಲಾಸ್ಟ್ ಬಂದ್ರ ನಗ್ತೀರೇನು?" ಎಂದಳು.

"ಯಾಕ ನಗಲಿ?"

"ಫಿರ್? ನಿಮಗೂ ಯಾರೂ ನಗಂಗಿಲ್ಲ. ಪರೀಕ್ಷಾಕ್ಕ ಹಮ್ ದೋನೋ, ಇಬ್ರೂ, ಸಾಥ್ ಮೇ ಕೂಡೋಣ."

ಅವಳ ಕನ್ನಡಕ್ಕೆ ನಾವಿಬ್ಬರೂ ನಕ್ಕೆವು. ಎರಡು ದಿನ ಬಿಟ್ಟು ಸಾಯಬಣ್ಣ ಫಾರ್ಮಿಗೆ ಸಹಿ ಹಾಕಿದ.

ಅಂದಿನಿಂದ ಓಟ ಮುಗಿದ ಮೇಲೆ ಸಾಮಾನಿನ ಕೋಣೆಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಪಾಠ. ಅವನಿಗೆ ಅಂಕಿ ಹೆದರಿಕೆ ತರುತ್ತಿರಲಿಲ್ಲ. ಅಂಕಿಯ ಜಾಗದಲ್ಲಿ ಅಕ್ಷರ ಬಂದರೆ ಹೆದರುತ್ತಿದ್ದ. "ಈ ಎಕ್ಸ್ ಅಂದ್ರ ಯಾರ್ರಿ?" ಎಂದು ಮೊದಲ ದಿನ ನಿಜವಾಗಿಯೇ ಕೇಳಿದ. ನಾನು ವಿವರಿಸಿದ್ದು ಅವನಿಗೆ ಹಿಡಿಸಲಿಲ್ಲ. ಶೀತಲ್ ಹೇಳಿದಳು: "ಅಂಕಲ್, ನಿಮ್ಮ ಗ್ರೌಂಡ್ ಎಷ್ಟು ಅದ ಅಂತ ಗೊತ್ತಿಲ್ಲ ಅಂತ ತಿಳ್ಕೋರಿ. ಐದು ರೌಂಡು, ಮತ್ತ ನಲವತ್ತು, ಟೋಟಲ್ ಫಿಫ್ಟೀನ್ ಹಂಡ್ರೆಡ್. ಈಗ ಒಂದು ರೌಂಡ್ ಎಷ್ಟು?" ಅವನು ಕಡ್ಡಿಯಿಂದ ಮಣ್ಣಿನಲ್ಲಿ ಬರೆದು ಇನ್ನೂರಾ ತೊಂಬತ್ತೆರಡು ಎಂದ. "ಅದೇ ಎಕ್ಸ್!" ಎಂದಳು. ಇಪ್ಪತ್ತೊಂದು ವರ್ಷ ಕಲಿಸಿದ ಮೇಲೆ, ಕಲಿಸುವುದು ಹೇಗೆಂದು ನನಗೆ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ತೋರಿಸಿಕೊಟ್ಟಳು.

ನವೆಂಬರಿನಲ್ಲಿ ಕಾಂದಿವಲಿಯಲ್ಲಿ ಜಿಲ್ಲಾ ಮಟ್ಟದ ಕೂಟ. ಸಾಯಬಣ್ಣ ಕೇಳಿ ರಜೆ ಪಡೆದು ಬಂದ. ಕೆಂಪು ಬಣ್ಣದ ಸಿಂಥೆಟಿಕ್ ಟ್ರ್ಯಾಕನ್ನು ಅವನು ಹತ್ತಿರದಿಂದ ಕಂಡದ್ದು ಅಂದೇ. ಬಗ್ಗಿ ಅಂಗೈಯಿಂದ ಮುಟ್ಟಿ ನೋಡಿ, "ಇದಕ್ಕ ನೀರು ಹಾಕೂದು ಬ್ಯಾಡೇನ್ರಿ?" ಎಂದು ಕೇಳಿದ. ದೊಡ್ಡ ಶಾಲೆಗಳ ಹುಡುಗಿಯರು ಮೊಳೆಯ ಬೂಟು ಹಾಕಿಕೊಂಡು, ತಮ್ಮ ತಮ್ಮ ಕೋಚ್‌ಗಳ ಜೊತೆ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಶೀತಲ್ ಕ್ಯಾನ್ವಾಸ್ ಬೂಟಿನಲ್ಲಿ ನಿಂತಿದ್ದಳು. ಹದಿನಾಲ್ಕು ಜನರ ಓಟ. ಮೊದಲ ಸುತ್ತು ಮುಗಿದಾಗ ಅವಳು ಹನ್ನೆರಡನೆಯವಳು.

"ಹಿಂದ ಬಿದ್ಲಲ್ಲ!" ಎಂದು ನಾನು ಸಾಯಬಣ್ಣನ ತೋಳು ಹಿಡಿದೆ.

"ಸುಮ್ನಿರ್ರಿ. ಮಾತಾಡ್ಕೊಂತ ಹೊಂಟಾಳ ನೋಡ್ರಿ," ಎಂದ. ನಿಜವಾಗಿಯೂ ಅವಳ ತುಟಿಗಳು ಅಲ್ಲಾಡುತ್ತಿದ್ದವು. ಏನು ಹೇಳುತ್ತಿದ್ದಳೆಂದು ಆಮೇಲೆ ಕೇಳಿದಾಗ, ಸೂತ್ರಗಳು ಎಂದಳು.

ಎರಡನೆಯ ಸುತ್ತಿನಲ್ಲಿ ಎಂಟನೆಯವಳಾದಳು. ಮೂರನೆಯದರಲ್ಲಿ ಮುಂದಿದ್ದವರ ಭುಜಗಳು ಬಿಗಿಯತೊಡಗಿದವು, ಇವಳವು ಸಡಿಲವಾಗಿಯೇ ಇದ್ದವು. ಕೊನೆಯ ಮುನ್ನೂರು ಮೀಟರಿನಲ್ಲಿ ಸಾಯಬಣ್ಣ ಬೇಲಿಗೆ ಆತುಕೊಂಡು, "ಈಗ ರಿಕ್ಷಾ ಹಿಡಿಯವ್ವಾ! ಹಿಡಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಅವಳು ಒಬ್ಬೊಬ್ಬರನ್ನೇ ದಾಟಿ ಬಂದಳು. ಮೊದಲನೆಯವಳು ಸಿಗಲಿಲ್ಲ, ಎರಡು ಮಾರು ಅಂತರ ಉಳಿಯಿತು. ಎರಡನೆಯ ಸ್ಥಾನ. ಮೊದಲ ಇಬ್ಬರಿಗೆ ವಿಭಾಗ ಮಟ್ಟದ ಕೂಟಕ್ಕೆ ಆಯ್ಕೆ. ಗೆರೆ ದಾಟಿ ಬಂದವಳು ಪದಕ ಕೊಡುವಲ್ಲಿಗೂ ಹೋಗದೆ ನೇರ ನಮ್ಮ ಹತ್ತಿರ ಬಂದು ಸಾಯಬಣ್ಣನ ಕಾಲಿಗೆ ಬಿದ್ದಳು. ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳ ಬೂಟಿಗೆ ಮೆತ್ತಿದ್ದ ಧೂಳನ್ನು ತನ್ನ ಕರವಸ್ತ್ರದಿಂದ ಒರೆಸಿದ.

ವಿಭಾಗ ಮಟ್ಟದಲ್ಲಿ ಅವಳು ಐದನೆಯವಳಾದಳು. ಬೇಸರವೇನೂ ಆಗಲಿಲ್ಲ ಎಂದರೆ ಸುಳ್ಳು.

ಜನವರಿಯಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ನಾನು ಸಾಯಬಣ್ಣನನ್ನು ಎಳೆದುಕೊಂಡೇ ಹೋದೆ. ಕಾಂತಪ್ಪನವರು ಗೇಟಿನಲ್ಲಿಯೇ ನಿಂತಿದ್ದರು. "ರಜಿಸ್ಟರಿನಾಗ ಹೆಸರಿದ್ದೋರೆಲ್ಲ ನಮ್ಮ ವಿದ್ಯಾರ್ಥಿಗಳೇ. ಪಾಸು ನಾಪಾಸು ಅಂತ ಯಾರೂ ಕೇಳಂಗಿಲ್ಲ ಇಲ್ಲಿ," ಎಂದು ಅವನ ಕೈ ಹಿಡಿದು ಒಳಗೆ ಕರೆದುಕೊಂಡರು. ಅವನ ಜೊತೆ ಕಲಿತು ಈಗ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ಜ್ಯೋತ್ಸ್ನಾ ಅವನನ್ನು ದೂರದಿಂದ ನೋಡಿ ಎದ್ದು ಬಂದರು. "ನೀ ಸಾಯಬಣ್ಣ ಅಲ್ಲೇನೋ? ಎಲ್ಲಿ ಹೋಗಿದ್ಯೋ ಮಾರಾಯಾ? ಆ ವರ್ಷ ಇಡೀ ಕ್ಲಾಸು ನಿನ್ನ ದಾರಿ ಕಾಯ್ತು," ಎಂದು ಕಣ್ಣು ಒರೆಸಿಕೊಂಡರು. ಅವನನ್ನು ಯಾರೋ ನೆನಪಿಟ್ಟುಕೊಂಡಿದ್ದರು ಎಂಬುದೇ ಅವನಿಗೆ ಹೊಸ ಸುದ್ದಿ. ಊಟ ಮುಗಿಯುವ ತನಕ ಆ ಹಳೆಯ ಗೆಳೆಯರು ಅವನನ್ನು ನಡುವೆ ಕೂರಿಸಿಕೊಂಡೇ ಇದ್ದರು.

ಮಾರ್ಚಿನಲ್ಲಿ ಪರೀಕ್ಷೆ. ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸಾಯಬಣ್ಣ ಪರೀಕ್ಷಾ ಕೋಣೆಯ ಬಾಗಿಲಿಗೆ ಹೋದರೆ, ಅಲ್ಲಿದ್ದ ಶಿಕ್ಷಕಿ ಮರಾಠಿಯಲ್ಲಿ, "ಪಾಲಕ್ ಬಾಹೇರ್ ಥಾಂಬಾ," ಪಾಲಕರು ಹೊರಗೆ ನಿಲ್ಲಿ, ಎಂದರು. ಅವನು ಜೇಬಿನಿಂದ ಹಾಲ್ ಟಿಕೇಟು ತೆಗೆದು ತೋರಿಸಿದ. ಆಕೆ ಫೋಟೋ ನೋಡಿದರು, ಅವನ ಮುಖ ನೋಡಿದರು, ಆಮೇಲೆ ತಾವೇ ಮುಂದೆ ನಡೆದು ಅವನ ಬೆಂಚು ತೋರಿಸಿದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶೀತಲ್‌ಗೆ ನೂರಕ್ಕೆ ಎಪ್ಪತ್ತೊಂದು. ಇಂದ್ರಾಬಾಯಿ ಅಡುಗೆಯ ಕೆಲಸ ಬಿಟ್ಟು ಶಾಲೆಗೆ ಓಡಿ ಬಂದು, ಮೂರು ಮಹಡಿ ಹತ್ತಿ, ನನ್ನ ಎರಡೂ ಕೈ ಹಿಡಿದುಕೊಂಡು ನಿಂತಳು. ಸಾಯಬಣ್ಣ ಉಳಿದ ಎಲ್ಲ ವಿಷಯದಲ್ಲಿ ಪಾಸಾಗಿದ್ದ. ಗಣಿತದಲ್ಲಿ ಇಪ್ಪತ್ತೊಂಬತ್ತು, ಬೇಕಾದದ್ದು ಮೂವತ್ತೈದು. ಹೇಳಲು ನಾನು ಫೋನು ಮಾಡಿದೆ. ಅವನೇ ನನಗೆ ಸಮಾಧಾನ ಹೇಳಿದ. "ಒಂಬತ್ತನೆತ್ತೆದಾಗ ಹನ್ನೊಂದು ಬಂದಿತ್ರಿ ನಂಗ. ಈಗ ಇಪ್ಪತ್ತೊಂಬತ್ತು. ಇನ್ನೊಂದ್ ಸುತ್ತು ಅದ ಅಂತ ತಿಳ್ಕೊರಿ."

ಜುಲೈಯಲ್ಲಿ ಮತ್ತೆ ಬರೆದ. ಆ ಒಂದೂವರೆ ತಿಂಗಳು ಅವನಿಗೆ ಪಾಠ ಹೇಳಿದವಳು ಹೆಚ್ಚಾಗಿ ಶೀತಲ್. ಅವಳಿಗೆ ಮಾಟುಂಗದ ಕಾಲೇಜೊಂದರಲ್ಲಿ ಕ್ರೀಡೆಯ ಕೋಟಾದಲ್ಲಿ ಹನ್ನೊಂದನೆಯ ಇಯತ್ತೆಗೆ ಪ್ರವೇಶ ಸಿಕ್ಕಿತ್ತು. ಕಾಲೇಜಿಗೆ ಹೋಗುವ ಮೊದಲು ಗ್ರೌಂಡಿಗೆ ಬಂದು ಓಡಿ, ಅವನ ಲೆಕ್ಕ ತಿದ್ದಿ ಹೋಗುತ್ತಿದ್ದಳು. ಈ ಸಲ ನಲವತ್ತಾರು ಬಂತು. ಸುಕೇಶ್ ಅವರು ಕ್ಲಬ್ಬಿನಲ್ಲಿ ಎಲ್ಲರಿಗೂ ಬಾದಾಮಿ ಹಲ್ವ ಹಂಚಿದರಂತೆ.

ಅಂಕಗಳ ಗುಣಪತ್ರಿಕೆ ಸಿಕ್ಕ ದಿನ ಸಾಯಬಣ್ಣ ಅದನ್ನು ತೋರಿಸಲು ಶಾಲೆಗೆ ಬಂದ. ನನ್ನ ಪಾಠ ನಡೆದಿತ್ತು. ಹೊಸ ಹತ್ತನೆಯ ಇಯತ್ತೆಯಲ್ಲಿ ಒಂಬತ್ತೇ ಮಕ್ಕಳು. ಈ ವರ್ಷ ಬೇರೆ ಶಾಲೆಗೆ ವರ್ಗಾವಣೆ ಕೇಳಬೇಕೆಂದು ನಾನು ಅರ್ಜಿ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೆ; ಕೊಡಲು ಮನಸ್ಸೇ ಬಂದಿರಲಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಂಬತ್ತು ಮಕ್ಕಳೂ ಎದ್ದು ನಿಂತು, "ನಮಸ್ತೇ ಸರ್," ಎಂದರು. ಯಾರನ್ನು ಕರೆದರು ಎಂದು ಅವನು ಹಿಂದೆ ತಿರುಗಿ ನೋಡಿದ.

"ನಿಮಗs ಅಂದಿದ್ದು," ಎಂದೆ. "ಒಳಗ ಬರ್ರಿ. ಇವರಿಗೆ ಏನರೆ ನಾಕು ಮಾತು ಹೇಳ್ರಿ."

ಅವನು ಕರಿಹಲಗೆಯ ಮುಂದೆ ಬಂದು ನಿಂತ. "ಈ ಸಾಲಿ ನನ್ನ ಮರೀಲಿಲ್ಲ," ಎಂದ. "ನಾನs ಮರ್ತಿದ್ನಿ." ಕಿಟಕಿಯ ಕಡೆ ಒಮ್ಮೆ ನೋಡಿ, ಮಕ್ಕಳ ಕಡೆ ತಿರುಗಿ ಕೇಳಿದ:

"ನಿಮ್ಮೊಳಗ ಓಡೋರು ಯಾರ್ಯಾರು ಇದ್ದೀರಿ?"

ಮೊದಲು ಮೂರು ಕೈ ಮೇಲೆದ್ದವು. ಆಮೇಲೆ ಹಿಂದಿನ ಬೆಂಚಿನಿಂದ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಅವನು ಬೆರಳು ಮಡಚಿ ಎಣಿಸಿಕೊಂಡ, ನನ್ನ ಕಡೆ ತಿರುಗಿ ನಕ್ಕ. ಭಾನುವಾರ ಬೆಳಿಗ್ಗೆ ಆರಕ್ಕೆ ಮಾಟುಂಗ ಸ್ಟೇಶನ್ನಿನಲ್ಲಿ ಇಳಿಯಿರಿ ಎಂದು ಅವರಿಗೆ ದಾರಿ ಹೇಳತೊಡಗಿದ. ಅವನು ಹೇಳಿದ ದಾರಿಯನ್ನು ನಾನು ಕರಿಹಲಗೆಯ ಮೇಲೆ ಬರೆದೆ.